ಶಿಡ್ಲಘಟ್ಟದ ಹನ್ನೊಂದು ಹಾಳೆ

೬ ಜನವರಿ ೧೯೫೮, ಸೋಮವಾರ
ಶಿಡ್ಲಘಟ್ಟ

ಮೊದಲು ಕ್ಷಮೆ ಕೇಳಿಬಿಡುತ್ತೇನೆ, ಯಾರನ್ನು ಎಂದು ಗೊತ್ತಿಲ್ಲ. ಈ ನೋಟ್‌ಬುಕ್ಕು ನನ್ನದಲ್ಲ, ಸರ್ವೆಯದು. ಮೊದಲ ಪುಟದಲ್ಲಿ 'ಶಾಲಾ ಮಕ್ಕಳ ಕಲಿಕೆ ಮತ್ತು ಕ್ಷೇಮ' ಎಂದು ರಬ್ಬರ್ ಸ್ಟ್ಯಾಂಪ್ ಒತ್ತಿದ್ದಾರೆ. ಇದರಲ್ಲಿ ಸ್ವಂತ ಗೋಳು ಬರೆಯುವುದು ತಪ್ಪು. ಅದಕ್ಕೇ ಹಿಂದಿನ ಪುಟದಿಂದ ಶುರು ಮಾಡಿದ್ದೇನೆ. ಹಾಸ್ಟೆಲಿನಲ್ಲಿ ಡೈರಿ ಬರೆಯುವ ಹುಡುಗಿಯರನ್ನು ಕಂಡರೆ ಮೇಟ್ರನ್ ಉರಿದು ಬೀಳುತ್ತಿದ್ದರು, ಕೈಗೆ ಕೆಲಸವಿಲ್ಲದವರು ಬರೆಯುತ್ತಾರೆ ಎನ್ನುತ್ತಿದ್ದರು. ನನಗೆ ಕೆಲಸವಿದೆ. ಆದರೆ ಎಲ್ಲಾದರೂ ಹೇಳಿಕೊಳ್ಳದಿದ್ದರೆ ವಾಂತಿಯಾಗುತ್ತದೆ.

ಈ ಊರು ನಾರುತ್ತದೆ. ಬಸ್ಸಿನಿಂದ ಇಳಿಯುತ್ತಲೇ ಮೂಗಿಗೆ ಬಡಿದದ್ದು ಇನ್ನೂ ಬಿಟ್ಟಿಲ್ಲ. ರೇಷ್ಮೆಗೂಡು ಬೇಯಿಸಿದ ನೀರು, ಗೂಡಿನೊಳಗೆ ಬೆಂದು ಸತ್ತ ಹುಳ, ಅದನ್ನೆಲ್ಲ ಚರಂಡಿಗೆ ಬಿಟ್ಟು ಬಿಸಿಲಿಗೆ ಹಾಕಿದರೆ ಏನು ವಾಸನೆಯೋ ಅದು. ಬೀದಿಗೆ ನಾಲ್ಕು ಮನೆಯಲ್ಲಿ ನೂಲು ತೆಗೆಯುತ್ತಾರೆ. ರೇಷ್ಮೆ ಸೀರೆ ಉಡುವವರು ಯಾರೂ ಇಲ್ಲಿಗೆ ಬಂದಿಲ್ಲವೆಂದು ಕಾಣುತ್ತದೆ. ಬಂದಿದ್ದರೆ ಹತ್ತಿಯೇ ಸಾಕಪ್ಪಾ ಎನ್ನುತ್ತಿದ್ದರು.

ಟ್ರೈನಿಂಗ್ ಕಾಲೇಜಿನ ಫಸ್ಟ್ ಇಯರಿನಲ್ಲಿ ನಾಲ್ಕು ಜನರನ್ನು ಆರಿಸಿ ನಾಲ್ಕು ಊರಿಗೆ ಕಳಿಸಿದ್ದಾರೆ: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಗೌರಿಬಿದನೂರು ನಮ್ಮೂರು, ಅದು ಸಿಕ್ಕೀತೆಂದು ದೇವರಿಗೆ ಹೇಳಿಕೊಂಡಿದ್ದೆ. ಸಿಕ್ಕಲಿಲ್ಲ. ಈ ಸರ್ವೆಯ ಮಾರ್ಕ್ಸು ಪ್ರಾಕ್ಟಿಕಲ್ಸಿಗೆ ಸೇರುತ್ತದೆ. ಫೇಲಾದರೆ ಅಪ್ಪ ಮನೆಗೆ ಕರೆಸಿಕೊಳ್ಳುತ್ತಾರೆ. ಆಮೇಲೇನು ಎಂಬುದನ್ನು ಬರೆಯಬೇಕಾಗಿಲ್ಲ.

ಇಳಿದುಕೊಂಡಿರುವುದು ಅಶ್ವತ್ಥಮ್ಮ ಎಂಬವರ ಮನೆಯಲ್ಲಿ. ಊರಂಚಿನಲ್ಲಿ ಅವರದು ಹಿಪ್ಪುನೇರಳೆ ತೋಟ, ಮನೆಯೊಳಗೆ ಹುಳ ಸಾಕುತ್ತಾರೆ. ಗಾಳಿ ಬೆಳಕಿನ ದೊಡ್ಡ ಕೋಣೆ ಹುಳಗಳಿಗೆ, ಪಕ್ಕದ ಗೂಡಿನಂಥದ್ದು ನನಗೆ. ಪೆಟ್ಟಿಗೆ ಹಿಡಿದು ನಡುಮನೆಗೆ ಕಾಲಿಟ್ಟೆನೋ ಇಲ್ಲವೋ, ಕೂಗಿದರು.

"ಏಮಮ್ಮಾ, ಅಲ್ಲೇ ನಿಂತ್ಕೊ! ಮುಖಕ್ಕೇನು ಬಳ್ಕೊಂಡಿದ್ದೀಯ?"

"ಪೌಡರ್."

"ಆ ವಾಸನೆಗೆ ನನ್ನ ಹುಳ ಮೇವು ಬಿಟ್ಬಿಡ್ತವೆ ಕಣಮ್ಮ. ಮೂರನೇ ಜ್ವರ ಬಿಟ್ಟು ಈಗ ತಾನೇ ಎದ್ದವೆ. ನೀನು ಹಿತ್ತಲ ಬಾಗಿಲಿಂದ ಓಡಾಡು."

ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರಂತೆ. ನನ್ನ ವಾಸನೆ ಹುಳಗಳಿಗೆ ಸೇರುವುದಿಲ್ಲವಂತೆ. ನನ್ನದು!

೮ ಜನವರಿ, ಬುಧವಾರ

ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲು. ಹೆಡ್‌ಮಿಸ್ಟ್ರೆಸ್ ಅಮ್ಮಾಜಮ್ಮನವರು ಮೊದಲ ಮಾತಿಗೇ ವಿಷಯಕ್ಕೆ ಬಂದರು.

"ಬನ್ನಿ ಬನ್ನಿ. ದೇವರು ಕಳಿಸಿದ ಹಾಗೆ ಬಂದ್ರಿ. ಹೋದ ವರ್ಷ ಲೋಯರ್ ಸೆಕೆಂಡರಿ ಪರೀಕ್ಷೆಗೆ ಇಪ್ಪತ್ತೆಂಟು ಹುಡುಗೀರನ್ನ ಕೂಡಿಸಿದೆ, ಹನ್ನೆರಡು ಫೇಲು. ಇನ್ನೊಂದ್ಸಲ ಹೀಗಾದ್ರೆ ಎಂಟನೇ ಕ್ಲಾಸೇ ಮುಚ್ತೀವಿ ಅಂತ ಇಲಾಖೆಯವ್ರು ಬರೆದವ್ರೆ. ನಿಮ್ಮ ಪರೀಕ್ಷೇಲಿ ಮಂದ ಅಂತ ಬಂದೋರನ್ನ ನಾನು ಈ ಸಲ ಕಳಿಸೋದೇ ಇಲ್ಲ."

ಸರ್ವೆ ಅದಕ್ಕಲ್ಲ, ಹಿಂದುಳಿದ ಮಕ್ಕಳಿಗೆ ನೆರವಾಗುವುದಕ್ಕೆ ಎಂದೆ. ಅವರು ನನ್ನನ್ನು ಕಂದಮ್ಮನನ್ನು ನೋಡುವ ಹಾಗೆ ನೋಡಿ ನಕ್ಕರು.

ಎಂಟನೇ ಕ್ಲಾಸಿನಲ್ಲಿ ಮೂವತ್ತನಾಲ್ಕು ಹುಡುಗಿಯರು. ಕೊನೆಯ ಎರಡು ಸಾಲಿನಲ್ಲಿ ಹನ್ನೊಂದು ಮಂದಿ, ನೂಲು ತೆಗೆಯುವ ಮನೆಗಳವರು. ಬೆಳಿಗ್ಗೆ ಕೆಲಸ ಮುಗಿಸಿ ಹಾಗೇ ಬರುತ್ತಾರೆ. ಊರಿನ ವಾಸನೆಯೆಲ್ಲ ಆ ಎರಡು ಸಾಲಿನಲ್ಲಿದೆ. ಕರ್ಚೀಫು ಮೂಗಿಗಿಟ್ಟುಕೊಂಡೇ ಹೆಸರು ಬರೆದುಕೊಂಡೆ. ಅದನ್ನು ಕಂಡು ಮುಂದಿನ ಬೆಂಚಿನವಳೊಬ್ಬಳು ಧೈರ್ಯವಾಗಿ ಎದ್ದು ನಿಂತಳು.

"ಟೀಚರ್, ಅವರ ಪಕ್ಕ ಕೂತ್ರೆ ನಮಗೆ ಮಧ್ಯಾಹ್ನ ಊಟ ಸೇರಲ್ಲ."

ಹಿಂದಿನಿಂದ ಒಂದು ದನಿ ಬಂತು: "ನಿಮ್ಮಮ್ಮ ಮದುವೆಗೆ ಉಟ್ಕೊಂಡು ಬಂದಿದ್ರಲ್ಲೇ, ಆ ಸೀರೆ ಮೂಸ್ಕೊ ಹೋಗು. ನಮ್ಮನೇದೇ ನೂಲು!"

ಕ್ಲಾಸೆಲ್ಲ ನಕ್ಕಿತು. ಹೇಳಿದವಳು ತಾಹಿರಾ. ಹದಿಮೂರು ವರ್ಷ. ಉರ್ದು ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯುವುದರಿಂದ ಇಲ್ಲಿಗೆ ಬಂದವಳು. 'ನಡತೆ' ಕಾಲಮ್ಮಿನಲ್ಲಿ 'ಒರಟು' ಎಂದು ಬರೆದೆ. 'ಶುಚಿತ್ವ' ಕಾಲಮ್ಮಿನಲ್ಲಿ ಹನ್ನೊಂದು ಜನಕ್ಕೂ ಸೊನ್ನೆ.

೯ ಜನವರಿ, ಗುರುವಾರ

ಪರೀಕ್ಷೆ ಮುಗಿಯಿತು.

ನೂರು ಸಣ್ಣ ಚೌಕಗಳಿರುವ ಹಾಳೆ. ಮೂರು ನಿಮಿಷದಲ್ಲಿ ಎಷ್ಟು ಚೌಕದೊಳಗೆ ಚುಕ್ಕೆ ಇಡುತ್ತಾರೋ ಅಷ್ಟು ಅಂಕ. ಆಮೇಲೆ ಮಣಿ ಪೋಣಿಸುವುದು. ಕೈಯ ಚುರುಕಿನಿಂದ ಬುದ್ಧಿಯ ಚುರುಕು ತಿಳಿಯುತ್ತದೆ ಎಂದು ನಮಗೆ ಕೊಟ್ಟಿರುವ ಕೈಪಿಡಿಯಲ್ಲಿದೆ. ಮಕ್ಕಳನ್ನು ಅವರು ಬಂದಂತೆಯೇ, ಏನೂ ಬದಲಿಸದೆ ಕೂಡಿಸಬೇಕು ಎಂದೂ ಇದೆ.

ಆದರೆ ಆ ಕೈಗಳು ಮುಟ್ಟಿದ ಹಾಳೆಯನ್ನು ನಾನು ಸಂಜೆ ಕೂತು ತಿದ್ದಬೇಕಲ್ಲ! ಪೆಟ್ಟಿಗೆಯಲ್ಲಿ ಕೆಂಪು ಕಾರ್ಬಾಲಿಕ್ ಸೋಪಿತ್ತು. ಹನ್ನೊಂದು ಜನರನ್ನೂ ಬಾವಿಯ ಹತ್ತಿರ ಸಾಲಾಗಿ ನಿಲ್ಲಿಸಿ, ತೆಂಗಿನ ನಾರು ಕೊಟ್ಟು, ನೂರು ಎಣಿಸುವ ತನಕ ಉಜ್ಜಿಸಿದೆ. ಹಾಸ್ಟೆಲಿನ ಮೊದಲ ದಿನ ಮೇಟ್ರನ್ ನನ್ನನ್ನೂ ಹಾಗೇ ಉಜ್ಜಿದ್ದರು, ಸಗಣಿ ವಾಸನೆ ಹೋಗಬೇಕೆಂದು. ಆಗ ಅತ್ತಿದ್ದೆ. ಆದರೆ ಅದರಿಂದ ನನಗೆ ಒಳ್ಳೆಯದೇ ಆಯಿತು. ಒನ್, ಟೂ, ಥ್ರೀ ಎಂದು ನಾನು ಗಟ್ಟಿಯಾಗಿ ಎಣಿಸಿದೆ, ಅವರೂ ಎಣಿಸಿದರು. ತಾಹಿರಾ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಎಣಿಸಿದಳು. ನಾಟಕ.

ಮುಂದಿನ ಬೆಂಚಿನವರಿಗೆ ಎಪ್ಪತ್ತು, ಎಂಬತ್ತು. ಹಿಂದಿನ ಹನ್ನೊಂದು ಜನರಲ್ಲಿ ಮೂವತ್ತು ದಾಟಿದವಳು ಒಬ್ಬಳೂ ಇಲ್ಲ. ತಾಹಿರಾಗೆ ಹದಿನೇಳು. ಪೆನ್ಸಿಲನ್ನು ಎರಡೇ ಬೆರಳ ತುದಿಯಲ್ಲಿ, ಮುಟ್ಟಿಯೂ ಮುಟ್ಟದ ಹಾಗೆ ಹಿಡಿಯುತ್ತಾರೆ. ಎಂಟನೇ ಕ್ಲಾಸಿಗೆ ಬಂದರೂ ಪೆನ್ಸಿಲು ಹಿಡಿಯಲು ಬಾರದವರಿಗೆ ಏನು ಹೇಳುವುದು?

ಹಾಳೆಗಳು ಮಾತ್ರ ಕ್ಲೀನ್.

೧೦ ಜನವರಿ, ಶುಕ್ರವಾರ

ಮುದ್ದೆ, ಬಸ್ಸಾರು. ತಟ್ಟೆಯಲ್ಲೂ ಅದೇ ವಾಸನೆ. ಎದ್ದುಬಿಟ್ಟೆ. "ಉಪವಾಸ ಇದ್ರೆ ನಿಮ್ಮಪ್ಪ ನನ್ನನ್ನ ಕೇಳ್ತಾನೆ ಆದಮ್ಮಾ" ಎಂದರು ಅಶ್ವತ್ಥಮ್ಮ. ಆದಿಲಕ್ಷ್ಮಿ ಎಂದು ನಾಲ್ಕು ಸಲ ಹೇಳಿಕೊಟ್ಟಿದ್ದೇನೆ. ಆದಮ್ಮ!

೧೫ ಜನವರಿ, ಬುಧವಾರ

ನಿನ್ನೆ ಸಂಕ್ರಾಂತಿ. ಆ ಹನ್ನೊಂದರಲ್ಲಿ ಓಬಳಮ್ಮ ಎಂಬವಳೊಬ್ಬಳು ನನ್ನನ್ನು ಹುಡುಕಿಕೊಂಡು ಬಂದು ಎಳ್ಳುಬೆಲ್ಲ ಕೊಟ್ಟಳು. ಪೊಟ್ಟಣ ಇರಲಿಲ್ಲ, ಅಂಗೈಯಲ್ಲೇ ತಂದಿದ್ದಳು. ಅಂಗೈಯ ಚರ್ಮ ಬೆಳ್ಳಗೆ ಊದಿ, ಅಲ್ಲಲ್ಲಿ ಸಿಪ್ಪೆ ಎದ್ದು, ಕೆಳಗೆ ಕೆಂಪು ಕಾಣುತ್ತಿತ್ತು. ತೆಗೆದುಕೊಂಡೆ. ಅವಳು ಬೀದಿ ತಿರುಗಿದ ಮೇಲೆ ಚರಂಡಿಗೆ ಹಾಕಿದೆ.

ಹೈಜೀನ್ ದೃಷ್ಟಿಯಿಂದ ಹಾಕಿದ್ದು ಸರಿ. ಆದರೂ ಯಾಕೆ ಬರೆಯುತ್ತಿದ್ದೇನೋ.

೧೮ ಜನವರಿ, ಶನಿವಾರ

ರಿಸರ್ಚ್ ಆಫೀಸರ್ ವೆಂಕಟರಾಯಪ್ಪನವರು ಬೆಂಗಳೂರಿನಿಂದ ಬಂದಿದ್ದರು. ಸರ್ವೆಯೆಲ್ಲ ಅವರದೇ. ಸ್ಕೂಲಿನ ಒಳಗೆ ಬರಲಿಲ್ಲ, ಜೀಪಿನ ಬಾನೆಟ್ಟಿನ ಮೇಲೆ ಹಾಳೆಗಳನ್ನು ಹರಡಿಕೊಂಡು ನೋಡಿದರು.

"ಎಕ್ಸಲೆಂಟ್, ಮಿಸ್ ಆದಿಲಕ್ಷ್ಮಿ. ಒಂದು ಕಲೆ ಇಲ್ಲ, ಒಂದು ಬೆರಳಚ್ಚಿಲ್ಲ. ಚಿಂತಾಮಣಿಗೆ ಹೋದ ಹುಡುಗ ಕಳಿಸಿದ್ದಾನೆ ನೋಡಿ, ವಾಕರಿಕೆ ಬರುತ್ತೆ."

"ಅಲ್ಲೂ ನೂಲಿನ ಮನೆ ಮಕ್ಕಳಿದ್ದಾರಾ ಸರ್?"

"ಇದ್ದಾರೆ. ಅರವತ್ತು, ಎಪ್ಪತ್ತು ಹಾಕಿದ್ದಾನೆ. ಟೈಮು ಸರಿಯಾಗಿ ಹಿಡಿದಿಲ್ಲ ಅವನು. ಅವನದನ್ನ ತೆಗೆದು, ನಿಮ್ಮದನ್ನೇ ಇಟ್ಕೊತೀನಿ. ರೇಷ್ಮೆ ಕೆಲಸದ ಮನೆಗಳ ಮಕ್ಕಳಲ್ಲಿ ಹುಟ್ಟಿನಿಂದಲೇ ಮಂದತನ. ಸ್ಪಷ್ಟವಾಗಿದೆ. ರಿಪೋರ್ಟಿನಲ್ಲಿ ನಿಮ್ಮ ಹೆಸರೂ ಇರುತ್ತೆ."

ಅಪ್ಪನಿಗೆ ಕಾಗದ ಬರೆದೆ. ಅಚ್ಚಿನಲ್ಲಿ ನನ್ನ ಹೆಸರು! ಜೀಪು ಹೋಗುವಾಗ ಅವರು ತಾಂಬೂಲ ಉಗುಳಿದ್ದು ಶಾಲೆಯ ಗೋಡೆಗೆ ಬಿತ್ತು. ಅದನ್ನು ಬರೆಯಲಿಲ್ಲ.

೨೨ ಜನವರಿ, ಬುಧವಾರ

ಬೆಂಗಳೂರಿನಿಂದ ಪಟ್ಟಿ ಬಂತು, ಸೀಲು ಸಹಿ ಸಮೇತ. 'ಸಿ ವರ್ಗ: ಮಂದ.' ಹನ್ನೊಂದು ಹೆಸರು. ಅಮ್ಮಾಜಮ್ಮನವರು ಅದನ್ನು ಹಾಗೇ ನೋಟೀಸ್ ಬೋರ್ಡಿಗೆ ಅಂಟಿಸಿದರು. ಪರೀಕ್ಷೆಯ ಅರ್ಜಿಗಳು ಫೆಬ್ರುವರಿ ಮೂರಕ್ಕೆ ಕೋಲಾರಕ್ಕೆ ಹೋಗುತ್ತವಂತೆ. ಈ ಹನ್ನೊಂದು ಜನರವು ಹೋಗುವುದಿಲ್ಲ.

ಮುಂದಿನ ಬೆಂಚಿನವರು ಬೋರ್ಡಿನ ಮುಂದೆ ನಿಂತು ಹೆಸರುಗಳನ್ನು ರಾಗವಾಗಿ ಓದಿದರು. ನಾನು ಗದರಿಸಿದೆ. ನಿಲ್ಲಿಸಲಿಲ್ಲ.

ಮಧ್ಯಾಹ್ನ ತಾಹಿರಾ ಬಂದಳು. ಮೊದಲ ದಿನದ ಬಾಯಿ ಇರಲಿಲ್ಲ.

"ಟೀಚರ್, ಮಂದ ಅಂದ್ರೆ ಬುದ್ಧಿ ಇಲ್ದೋರು ಅಂತಾನೇ ಅಲ್ವಾ?"

"ಹಾಗಲ್ಲ. ನಿಧಾನ ಅಂತ."

"ಪರೀಕ್ಷೆ ಪಾಸಾದ್ರೆ ಟ್ರೈನಿಂಗಿಗೆ ಕಳಿಸ್ತೀನಿ, ಉರ್ದು ಸ್ಕೂಲಲ್ಲಿ ಟೀಚರ್ ಆಗು ಅಂತ ಅಮ್ಮಿ ಒಪ್ಕೊಂಡಿದ್ರು. ಪರೀಕ್ಷೆನೇ ಇಲ್ಲ ಅಂದ್ರೆ ಇನ್ಯಾಕೆ ಸ್ಕೂಲು ಅಂತಾರೆ. ಬರೋ ವಾರದಿಂದ ಪೂರಾ ಚರಕದ ಮುಂದೆನೇ."

ಹೆಡ್‌ಮಿಸ್ಟ್ರೆಸ್ ಹತ್ತಿರ ಕೇಳು ಎಂದೆ. ಹೇಳುವುದು ಅವರ ಕೆಲಸ.

ಪಟ್ಟಿಯನ್ನು ಅಂಟಿಸಿದ್ದು ಗೋಂದಿನಿಂದಲ್ಲ, ಮಧ್ಯಾಹ್ನದ ಅನ್ನದ ಅಗುಳಿನಿಂದ. ಸಂಜೆಗೆ ಅದಕ್ಕೆ ಇರುವೆ ಮುತ್ತಿತ್ತು. ಅಸಹ್ಯ.

೨೪ ಜನವರಿ, ಶುಕ್ರವಾರ

'ಮನೆಯ ಪರಿಸರ' ಎಂಬ ಫಾರಂ ತುಂಬಲು ಮನೆಮನೆಗೆ ಹೋಗಬೇಕು. ತಾಹಿರಾಳ ಮನೆಗೆ ಹೋದದ್ದು ಬೆಳಿಗ್ಗೆ ಏಳಕ್ಕೆ.

ತಗಡಿನ ಮಾಡು, ಕೆಳಗೆ ಒಲೆ, ಒಲೆಯ ಮೇಲೆ ಕುದಿಯುವ ನೀರಿನ ಬಾಣಲೆ. ಅದರ ತುಂಬ ಗೂಡುಗಳು ಕುಣಿಯುತ್ತಿವೆ. ತಾಯಿ ಶಮ್ಸುನ್ನೀಸಾ ಚರಕ ತಿರುಗಿಸುತ್ತಿದ್ದರು. "ಆವೋ ಅಮ್ಮಾ, ಕೂತ್ಕಳಿ. ಹುಷಾರು, ನೀರು ಸಿಡೀತದೆ" ಎಂದು ಮಣೆ ಒರೆಸಿ ಕೊಟ್ಟರು. ಬಾಣಲೆಯ ಮುಂದೆ ಕುಕ್ಕರಗಾಲಲ್ಲಿ ತಾಹಿರಾ.

ಕೂದಲಿಗಿಂತ ಸಣ್ಣ ಎಳೆ, ನನ್ನ ಕಣ್ಣಿಗೆ ಕಾಣಲೇ ಇಲ್ಲ. ಅವಳು ಕುದಿನೀರಿಗೆ ಬೆರಳಿಟ್ಟು ಒಂದೊಂದು ಗೂಡಿನ ತುದಿ ಹಿಡಿದು ಓಡುವ ನೂಲಿಗೆ ತಾಗಿಸಿ ಬಿಡುತ್ತಿದ್ದಳು. ಎಂಟು ಗೂಡು ಒಟ್ಟಿಗೆ ಬಿಚ್ಚುತ್ತಿದ್ದವು. ಒಂದು ಮುಗಿದ ಕೂಡಲೆ, ನಾನು ರೆಪ್ಪೆ ಬಡಿಯುವಷ್ಟರಲ್ಲಿ ಇನ್ನೊಂದು ಸೇರುತ್ತಿತ್ತು. ನೋಡದೆಯೇ ಮಾಡುತ್ತಿದ್ದಳು. ನೋಡುತ್ತಿದ್ದದ್ದು ನನ್ನ ಕಡೆ.

ಇವಳಿಗೆ ಹದಿನೇಳು ಅಂಕ. ಕೈ ಚುರುಕಿಲ್ಲ ಎಂದು.

"ಅವತ್ತು ಹದಿನೇಳೇ ಚುಕ್ಕೆ ಯಾಕೆ ಇಟ್ಟೆ?" ಎಂದು ಕೇಳಿದೆ. ಗದರಿಸುವ ದನಿಯಲ್ಲೇ ಕೇಳಿದೆನೆಂದು ಕಾಣುತ್ತದೆ, ಶಮ್ಸುನ್ನೀಸಾ ಚರಕ ನಿಲ್ಲಿಸಿದರು.

ತಾಹಿರಾ ಅಂಗೈ ತೋರಿಸಿದಳು. "ಬಿಸಿನೀರಲ್ಲಿ ಚರ್ಮ ಮೆತ್ತಗಾಗಿರ್ತದೆ ಟೀಚರ್. ಅದರ ಮೇಲೆ ನಾರಲ್ಲಿ ಉಜ್ಜಿಸಿದ್ರಲ್ಲ, ಸುಲಿದು ಬಂತು. ಸೋಪು ಒಳಗೆ ಹೋಯ್ತು. ಪೆನ್ಸಿಲ್ ಹಿಡಿದ್ರೆ ಪ್ರಾಣ ಹೋಗೋ ಹಾಗೆ ಉರಿ. ನಮ್ಮೆಲ್ಲರ್ದೂ ಹಂಗೇ."

"ಆವಾಗ್ಲೇ ಹೇಳೋಕೆ ಏನಾಗಿತ್ತು ನಿನಗೆ?"

"ನೀವು ಎಣಿಸ್ತಾ ಇದ್ರಲ್ಲ."

ಶಮ್ಸುನ್ನೀಸಾ ನನ್ನ ಮೇಲೆ ಕೂಗಾಡಲಿಲ್ಲ. "ಮೂರು ದಿನ ಚರಕ ನಿಲ್ಲಿಸಿದ್ವಿ ಅಮ್ಮಾ. ಬೇವಿನೆಣ್ಣೆ ಹಚ್ಚಿದೆ. ಟೀಚರ್ ಮಾಡಿದ್ದಾರೆ ಅಂದ್ರೆ ಏನೋ ಒಳ್ಳೇದಕ್ಕೇ ಇರ್ಬೇಕು ಅಂದ್ಕೊಂಡೆ" ಎಂದರು. ಚಹಾ ಕೊಟ್ಟರು. ಕುಡಿದೆ. ಫಾರಂ ಖಾಲಿ ತಂದಿದ್ದೇನೆ.

೨೫ ಜನವರಿ, ಶನಿವಾರ

ಕೈ ತೊಳೆಯಲು ಹೋಗಿ ಆ ಸೋಪು ಮುಟ್ಟಲಾಗಲಿಲ್ಲ. ಬೂದಿಯಲ್ಲಿ ತೊಳೆದೆ. ಪೌಡರನ್ನೂ ಹಚ್ಚಲಿಲ್ಲ.

೨೭ ಜನವರಿ, ಸೋಮವಾರ

ಮಧ್ಯಾಹ್ನದ ಬಿಡುವಿನಲ್ಲಿ ಹನ್ನೊಂದು ಜನರನ್ನೂ ಕೂಡಿಸಿ ಅದೇ ಪರೀಕ್ಷೆ ಮತ್ತೆ ಕೊಟ್ಟೆ. ಬಂದಂತೆಯೇ ಕೂಡಿಸಿದೆ. "ಕೈ ತೊಳ್ಕೊಂಡು ಬರ್ಬೇಕಾ ಟೀಚರ್?" ಎಂದು ಓಬಳಮ್ಮ ಎದ್ದು ನಿಂತಾಗ ಅವಳ ಮುಖ ನೋಡಲಾಗಲಿಲ್ಲ. ತಾಹಿರಾಗೆ ಎಂಬತ್ತೊಂದು. ಓಬಳಮ್ಮನಿಗೆ ಅರವತ್ತೆಂಟು. ಅರವತ್ತಕ್ಕಿಂತ ಕಡಿಮೆ ಬಂದವರು ಇಬ್ಬರೇ. ಹಾಳೆಗಳ ತುಂಬ ಬೆರಳಚ್ಚು. ಚಿಂತಾಮಣಿಯವನ ಹಾಳೆಗಳೂ ಹೀಗೇ ಇದ್ದಿರಬೇಕು.

ಹಿಡಿದುಕೊಂಡು ಆಫೀಸ್ ರೂಮಿಗೆ ಓಡಿದೆ. ಅಮ್ಮಾಜಮ್ಮನವರು ಒಂದನ್ನೂ ತಿರುವಿ ನೋಡಲಿಲ್ಲ.

"ಎರಡನೇ ಸಲ ಕೊಟ್ಟ ಪರೀಕ್ಷೆ ಲೆಕ್ಕಕ್ಕಿಲ್ಲ ಅಂತ ನಿಮ್ಮ ಬುಕ್ಕಲ್ಲೇ ಇದೆ ಕಣಮ್ಮ, ನಾನೂ ಓದಿದ್ದೀನಿ."

"ಮೊದಲನೇದು ತಪ್ಪಾಗಿತ್ತು ಮೇಡಂ. ನಾನೇ ತಪ್ಪು ಮಾಡಿದ್ದು."

"ಹಂಗಂತ ಅಲ್ಲಿಂದ ಬರಿಸು. ನನಗೆ ಸೀಲು ಹಾಕಿದ ಪಟ್ಟಿ ಬಂದಿದೆ, ಸೀಲು ಹಾಕಿದ ಕಾಗದಾನೇ ಬರ್ಬೇಕು." ಆಮೇಲೆ ದನಿ ತಗ್ಗಿಸಿದರು. "ನೋಡಮ್ಮ, ಆ ಹನ್ನೊಂದು ಜನ ಬೆಳಗಾಗೆದ್ದು ಕೆಲಸ ಮಾಡಿ ಬಂದು ಇಲ್ಲಿ ತೂಕಡಿಸ್ತಾರೆ. ಪಾಸಾಗ್ತಾರೆ ಅಂತ ನೀನು ಬರ್ಕೊಡ್ತೀಯಾ? ಎಂಟನೇ ಕ್ಲಾಸ್ ಹೋದ್ರೆ ಉಳಿದ ಇಪ್ಪತ್ಮೂರು ಜನರ ಗತಿ ಏನು?"

ಅವರ ಮಾತು ಪೂರ್ತಿ ಸುಳ್ಳಲ್ಲ. ಅದೇ ಇನ್ನೂ ಹೇಸಿಗೆ. ತೂಕಡಿಸುವುದು ಯಾಕೆ ಎಂದು ಈ ಕ್ಷೇಮ ಸಮೀಕ್ಷೆಯಲ್ಲಿ ಒಂದು ಪ್ರಶ್ನೆಯೂ ಇಲ್ಲ. ನಲವತ್ತಾರು ಪ್ರಶ್ನೆಗಳಿವೆ, ಹಲ್ಲು ಎಷ್ಟು ಎಂಬುದೂ ಇದೆ.

೨೮ ಜನವರಿ, ಮಂಗಳವಾರ

ವೆಂಕಟರಾಯಪ್ಪನವರಿಗೆ ಕಾಗದ. ಮೊದಲ ಸಲ ಬರೆದಾಗ ತಪ್ಪೆಲ್ಲ ಸೋಪಿನ ಮೇಲೆ ಬಂತು. 'ಸೋಪು ತೀಕ್ಷ್ಣವಾಗಿದ್ದ ಕಾರಣ' ಎಂದು ಬರೆದಿದ್ದೆ. ಹರಿದೆ. ಎರಡನೆಯದರಲ್ಲಿ 'ಹಾಸ್ಟೆಲಿನಲ್ಲಿ ಕಲಿತ ಅಭ್ಯಾಸದಿಂದ', ಪಾಪ, ಮೇಟ್ರನ್ ಮೇಲೆ. ಅದನ್ನೂ ಹರಿದೆ. ಮೂರನೆಯದರಲ್ಲಿ ನಾಲ್ಕು ಕಡೆ 'ಬಹುಶಃ' ಇತ್ತು. ಓದಿದರೆ ನನ್ನ ಮೇಲೆ ನನಗೇ ವಾಕರಿಕೆ.

ಬರೆದರೆ ನನ್ನ ಪ್ರಾಕ್ಟಿಕಲ್ಸು ಹೋಯಿತು. ಅಪ್ಪನಿಗೆ ಏನು ಹೇಳಲಿ? ಅಚ್ಚಿನಲ್ಲಿ ಹೆಸರು ಬರುತ್ತದೆ ಎಂದು ಊರಿಗೆಲ್ಲ ಹೇಳಿರುತ್ತಾರೆ. ಒಂದು ಮಧ್ಯಾಹ್ನ ಪೂರ್ತಿ, ಬರೆಯದೆ ಇದ್ದರೆ ಏನಾಗುತ್ತದೆ ಎಂದೂ ಯೋಚಿಸಿದೆ. ಏನೂ ಆಗುವುದಿಲ್ಲ. ತಾಹಿರಾ ಇಂದು ಶಾಲೆಗೆ ಬಂದಿರಲಿಲ್ಲ.

ಸಂಜೆ ಅಶ್ವತ್ಥಮ್ಮ ಹಿತ್ತಲಿಗೆ ಬಂದು ಕರೆದರು. "ಏನೇ ಆದಮ್ಮ, ಸೊಪ್ಪು ಹೆಚ್ಚೋಕೆ ಕೈ ಸಾಲ್ದು. ಹೊಸ ಹುಳ ಬಂದವೆ. ಒಳಗೆ ಬಾ." ಮೊದಲ ದಿನ ನಿಂತಲ್ಲೇ ನಿಲ್ಲು ಎಂದವರು ಈಗ ಕರೆಯುತ್ತಾರೆ! ಈ ಹೆಂಗಸಿನ ಮನಸ್ಸು ಹೇಗೆ ತಿರುಗುತ್ತದೋ. ಹೋಗಿ ಕೂತೆ. ಹುಳಗಳು ಸಾಸಿವೆಯಷ್ಟೇ ಇದ್ದವು. ಎಲೆ ಸಣ್ಣಗೆ ಹೆಚ್ಚಿ ಉದುರಿಸಿದರೆ ತಿನ್ನುತ್ತವೆ. ಆಮೇಲೆ ಅಲ್ಲೇ ಕೂತು ಊಟ ಮಾಡಿದೆ. ಎರಡು ಮುದ್ದೆ.

೨೯ ಜನವರಿ, ಬುಧವಾರ

ಕಾಗದವನ್ನು ಬೆಳಗಿನ ಬಸ್ಸಿನ ಟಪಾಲಿಗೆ ಹಾಕಿದೆ. ಆಮೇಲೆ ನಾನೇ ಬರೆಯಲಿಲ್ಲ ಎಂದುಕೊಳ್ಳದ ಹಾಗೆ ಇಲ್ಲಿ ನಕಲು ಮಾಡಿಡುತ್ತೇನೆ.

ಶ್ರೀ ವೆಂಕಟರಾಯಪ್ಪನವರಿಗೆ ನಮಸ್ಕಾರಗಳು.

ಜನವರಿ ಒಂಬತ್ತರ ಶಿಡ್ಲಘಟ್ಟದ ಪರೀಕ್ಷೆಯಲ್ಲಿ ನಾನು ಕೈಪಿಡಿಯ ನಿಯಮ ಮುರಿದೆ. ನೂಲು ತೆಗೆಯುವ ಮನೆಗಳ ಹನ್ನೊಂದು ಹುಡುಗಿಯರ ಕೈ ವಾಸನೆ ನನಗೆ ಹೇಸಿಗೆಯಾಯಿತು. ಪರೀಕ್ಷೆಗೆ ಮೊದಲು ಅವರನ್ನು ಮಾತ್ರ ಬೇರೆ ನಿಲ್ಲಿಸಿ, ಬಿಸಿನೀರಿನಲ್ಲಿ ಬೆಂದು ಮೆತ್ತಗಾಗಿದ್ದ ಅವರ ಕೈಗಳನ್ನು ನಾರು ಮತ್ತು ಕಾರ್ಬಾಲಿಕ್ ಸೋಪಿನಿಂದ ಉಜ್ಜಿಸಿದೆ. ಅವರ ಚರ್ಮ ಸುಲಿಯಿತು. ಪೆನ್ಸಿಲು ಹಿಡಿಯಲಾಗಲಿಲ್ಲ. ನೀವು ಮೆಚ್ಚಿದ ಹಾಳೆಗಳು ಕ್ಲೀನಾಗಿದ್ದದ್ದು ಅದರಿಂದ. ಇಪ್ಪತ್ತೇಳರಂದು ಅವರನ್ನು ಬಂದಂತೆಯೇ ಕೂಡಿಸಿ ಪಡೆದ ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ನೋಡಲು ಚೆನ್ನಾಗಿಲ್ಲ, ಆದರೆ ಅವು ನಿಜ. ಚಿಂತಾಮಣಿಯ ಹಾಳೆಗಳನ್ನೂ ದಯವಿಟ್ಟು ತೆಗೆದುಹಾಕಬೇಡಿ.

ರಿಪೋರ್ಟಿನಲ್ಲಿ ನನ್ನ ಹೆಸರು ಬೇಡ. ನನ್ನ ಮಾರ್ಕ್ಸಿನ ವಿಷಯ ನಿಮಗೆ ಬಿಟ್ಟದ್ದು.

ಈ ಹನ್ನೊಂದು ಜನರು ಪಾಸಾಗುತ್ತಾರೆಂದು ನಾನು ಬರೆದುಕೊಡಲಾರೆ. ಆದರೆ ಅವರು ಮಂದರು ಎಂಬುದು ಸುಳ್ಳು, ಆ ಸುಳ್ಳು ನನ್ನದು. ಅದನ್ನು ರದ್ದು ಮಾಡಿದ್ದೀರೆಂದು ನಿಮ್ಮ ಸೀಲಿರುವ ಒಂದು ಸಾಲು ಹೆಡ್‌ಮಿಸ್ಟ್ರೆಸ್ ಅವರಿಗೆ ಬಂದರೆ ಅರ್ಜಿಗಳು ಹೋಗುತ್ತವೆ. ಅರ್ಜಿಗೆ ಬರುವ ಸೋಮವಾರವೇ ಕಡೆಯ ದಿನ. ದಯವಿಟ್ಟು ಈ ಕಾಗದ ತಲುಪಿದ ದಿನವೇ ಉತ್ತರ ಬರೆಯಿರಿ.